ಫ್ರೀಜರಿನೊಳಗಿನ ಪೂರ್ವಜರು

ವಿಕಾಸವನ್ನು ಕಣ್ಣಾರೆ ಕಾಣಲು ಮನುಷ್ಯನ ಆಯಸ್ಸು ಸಾಲದು ಎನ್ನುತ್ತೇವೆ. ಅದನ್ನು ಕಾಣಲೆಂದೇ ಅಮೆರಿಕದ ಜೀವವಿಜ್ಞಾನಿ ರಿಚರ್ಡ್ ಲೆನ್ಸ್ಕಿ 1988ರ ಫೆಬ್ರುವರಿಯಲ್ಲಿ ಹನ್ನೆರಡು ಫ್ಲಾಸ್ಕುಗಳಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಸಾಕತೊಡಗಿದರು. ದಿನವೂ ಪ್ರತಿ ಫ್ಲಾಸ್ಕಿನ ನೂರರಲ್ಲೊಂದು ಪಾಲನ್ನು ಹೊಸ ಗ್ಲೂಕೋಸ್ ದ್ರಾವಣಕ್ಕೆ ಹಾಕುವುದು, ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪಿಟ್ಟಂತೆ. ಭಾನುವಾರಕ್ಕೂ ರಜೆಯಿಲ್ಲ. ಹೀಗೆ 75,000ಕ್ಕೂ ಹೆಚ್ಚು ತಲೆಮಾರುಗಳು ಕಳೆದಿವೆ.

ಆದರೆ ಈ ಪ್ರಯೋಗದ ನಿಜವಾದ ಜಾಣ್ಮೆ ಇರುವುದು ಫ್ರೀಜರಿನಲ್ಲಿ. 500 ತಲೆಮಾರಿಗೊಮ್ಮೆ ಮಾದರಿಗಳನ್ನು ಹೆಪ್ಪುಗಟ್ಟಿಸಿಡುತ್ತಾರೆ. ಕರಗಿಸಿದರೆ ಅವು ಮತ್ತೆ ಬದುಕುತ್ತವೆ. ಮುತ್ತಜ್ಜ-ಮರಿಮಗನನ್ನು ಒಂದೇ ಫ್ಲಾಸ್ಕಿಗೆ ಬಿಟ್ಟು ಯಾರು ಗೆಲ್ಲುತ್ತಾರೆಂದು ನೋಡಬಹುದು. ಪಳೆಯುಳಿಕೆ ನಂಬಿಕೊಂಡವರಿಗೆ ಈ ಭಾಗ್ಯವೆಲ್ಲಿ?

ದ್ರಾವಣದಲ್ಲಿ ಮೊದಲ ದಿನದಿಂದಲೂ ಗ್ಲೂಕೋಸಿನ ಜೊತೆ ಸಿಟ್ರೇಟ್ ಎಂಬ ಇನ್ನೊಂದು ವಸ್ತುವೂ ಇತ್ತು. ಆಮ್ಲಜನಕವಿರುವಾಗ ಇ. ಕೋಲಿಗೆ ಅದು ದಕ್ಕುವುದಿಲ್ಲ. ಸುಮಾರು 31,500ನೇ ತಲೆಮಾರಿನ ಹೊತ್ತಿಗೆ ಒಂದೇ ಒಂದು ಫ್ಲಾಸ್ಕಿನ ಸಂತತಿ ಅದನ್ನು ತಿನ್ನಲು ಕಲಿತಿತ್ತು. ಬರೀ ಅದೃಷ್ಟವೇ? ಲೆನ್ಸ್ಕಿ ತಂಡದ ಜಕಾರಿ ಬ್ಲೌಂಟ್ ಹಳೆಯ ಮಾದರಿಗಳನ್ನು ಎಬ್ಬಿಸಿ ಇತಿಹಾಸವನ್ನೇ ಮರುನಡೆಸಿದರು. 20,000ನೇ ತಲೆಮಾರಿನ ಈಚಿನವುಗಳಲ್ಲಷ್ಟೇ ಆ ಗುಣ ಮತ್ತೆ ಮೂಡಿತು. ಅಂದರೆ ಯಾವುದೋ ಹಳೆಯ ಬದಲಾವಣೆ ಸದ್ದಿಲ್ಲದೆ ನೆಲ ಹದಮಾಡಿತ್ತು. ದುಬಾರಿ ಯಂತ್ರಗಳಿಗಿಂತ ಈ ತಾಳ್ಮೆಯ ಲೆಕ್ಕಾಚಾರ ನನಗೆ ಹೆಚ್ಚು ರೋಮಾಂಚಕ.

2022ರಲ್ಲಿ ಫ್ಲಾಸ್ಕುಗಳ ಹೊಣೆ ಟೆಕ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಬ್ಯಾರಿಕ್ ಅವರ ಪ್ರಯೋಗಾಲಯಕ್ಕೆ ಹೋಯಿತು. ಸಂಶೋಧಕರಲ್ಲೂ ತಲೆಮಾರು ಬದಲಾಯಿತು.