ಹೆಸರು, ಲಕ್ಷಣ, ಸಮನ್ವಯ: ಒಂದು ಇಂಗ್ಲಿಷ್ ಪರೀಕ್ಷೆಯ ಪದಪಟ್ಟಿಯನ್ನು ಕುರಿತು

ಅಲಂಕಾರವನ್ನು ಕುರಿತ ಬರೆಹವೊಂದಕ್ಕೆ ಅಮೆರಿಕದ ಶಾಲಾಪರೀಕ್ಷೆಯೊಂದು ನಿಮಿತ್ತವಾಗುವುದು ಈ ಸಂಚಿಕೆಯ ಓದುಗರಿಗೆ ವಿಚಿತ್ರವಾಗಿ ತೋರಬಹುದು. ಕಳೆದ ಡಿಸೆಂಬರಿನ ರಜೆಯಲ್ಲಿ, ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಮ್ಮ ತಮ್ಮನ ಮಗಳು ದೆಹಲಿಯ ನಮ್ಮ ಮನೆಗೆ ಬಂದಿದ್ದಳು. ಹನ್ನೊಂದನೆಯ ತರಗತಿಯ ಹುಡುಗಿ. ಅವಳ ಚೀಲದಲ್ಲಿ ರಬ್ಬರ್ ಬ್ಯಾಂಡು ಸುತ್ತಿದ ಎರಡು ಕಟ್ಟು ಚೀಟಿಗಳಿದ್ದವು. ಒಂದರಲ್ಲಿ ಗ್ರೀಕ್ ಮೂಲದ ಅಲಂಕಾರನಾಮಗಳು. ಇನ್ನೊಂದರಲ್ಲಿ ಲೇಖಕನ ಮನೋಧರ್ಮವನ್ನು ಬಣ್ಣಿಸಲು ಬಳಸಬೇಕಾದ ಪದಗಳು. ಮೇ ತಿಂಗಳಲ್ಲಿ ಅವಳು ಬರೆಯಬೇಕಿದ್ದುದು ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ ಶ್ರೇಣಿಯ ಇಂಗ್ಲಿಷ್ ಭಾಷೆ ಮತ್ತು ರಚನೆಯ ಪರೀಕ್ಷೆ. ಶಾಲೆಯಲ್ಲಿದ್ದುಕೊಂಡೇ ಕಾಲೇಜು ಮಟ್ಟದ ಪಾಠವನ್ನು ಓದಿ, ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಈ ಪರೀಕ್ಷೆಯಲ್ಲಿ ಐದಕ್ಕೆ ಮೂರೋ ನಾಲ್ಕೋ ಪಡೆದರೆ ಅನೇಕ ವಿಶ್ವವಿದ್ಯಾಲಯಗಳು ಅದನ್ನು ಮಾನ್ಯಮಾಡುತ್ತವೆ. ಊಟದ ನಂತರ ಅವಳು ಚೀಟಿಗಳನ್ನು ನಮ್ಮ ಕೈಗಿತ್ತು, “ದೊಡ್ಡಪ್ಪ, ನೀವು ಕೇಳಿ, ನಾನು ಹೇಳ್ತೀನಿ” ಎಂದಳು. ಆ ಒಂದು ಗಂಟೆ ನಮ್ಮಲ್ಲಿ ಉಂಟುಮಾಡಿದ ಇರುಸುಮುರುಸೇ ಈ ಲೇಖನಕ್ಕೆ ಕಾರಣ.

ಮೊದಲು ಆ ಪಟ್ಟಿಯನ್ನೇ ಒಂದು ಕೃತಿಯೆಂದು ಭಾವಿಸಿ ಪರಿಶೀಲಿಸೋಣ. ಅದರ ಕರ್ತೃ ಯಾರೆಂಬುದು ತಿಳಿಯದು. ತರಗತಿಯಿಂದ ತರಗತಿಗೆ ನಕಲಾಗುತ್ತ ಬಂದಿರುವಂಥದು. ಪ್ರತಿಯೊಂದು ಚೀಟಿಯ ಮುಂಬದಿಯಲ್ಲಿ ಹೆಸರು. ಹಿಂಬದಿಯಲ್ಲಿ ಒಂದು ಸಾಲಿನ ಲಕ್ಷಣ, ಒಂದು ಸಾಲಿನ ಉದಾಹರಣೆ, ಕೊನೆಗೆ ‘ಪರಿಣಾಮ’ ಎಂಬ ಶೀರ್ಷಿಕೆಯಡಿ ಎರಡು ಮೂರು ಶಬ್ದಗಳು. ಲಕ್ಷಣಗಳಲ್ಲಿ ತಪ್ಪಿಲ್ಲ. ಉದಾಹರಣೆಗಳಾದರೋ ಬಹುಪಾಲು ಚೀಟಿಗಾಗಿಯೇ ಹೊಸೆದವು. ಯಾರೂ ಯಾರಿಗೂ ಎಂದೂ ಹೇಳಿರದ ವಾಕ್ಯಗಳು. ನಿಜವಾದ ಕೇಡು ಇರುವುದು ಆ ಕೊನೆಯ ಸಾಲಿನಲ್ಲಿ. ಪುನರುಕ್ತಿಯ ಪರಿಣಾಮವೇನು? ‘ಒತ್ತು ನೀಡುತ್ತದೆ’. ವಿಲೋಮಕ್ರಮದ ಪರಿಣಾಮವೇನು? ‘ಒತ್ತು ನೀಡುತ್ತದೆ’. ಪ್ರಶ್ನಾಲಂಕಾರದ ಪರಿಣಾಮವೂ ಅದೇ. ಎಲ್ಲ ಅಲಂಕಾರಗಳೂ ಒಂದೇ ಕೆಲಸ ಮಾಡುವುದಾದರೆ ಅವುಗಳಿಗೆ ಬೇರೆಬೇರೆ ಹೆಸರಾದರೂ ಏಕೆ ಬೇಕು ಎಂಬ ಶಂಕೆ ಪಟ್ಟಿಯನ್ನು ಮಾಡಿದವರಿಗೆ ಹುಟ್ಟಿದಂತಿಲ್ಲ.

ಹೆಸರುಗಳನ್ನು ಹೀಗೆ ಪೇರಿಸುವ ಚಪಲ ಹೊಸದೇನಲ್ಲ, ಪರದೇಶದ್ದೂ ಅಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಹೇಳಿರುವ ಕಾವ್ಯಾಲಂಕಾರಗಳು ಉಪಮೆ, ರೂಪಕ, ದೀಪಕ, ಯಮಕ ಎಂಬ ನಾಲ್ಕೇ. ದಂಡಿಯ ಕಾಲಕ್ಕೆ ಅರ್ಥಾಲಂಕಾರಗಳೇ ಮೂವತ್ತೈದಾದುವು. ಹದಿನಾರನೆಯ ಶತಮಾನದ ಅಪ್ಪಯ್ಯ ದೀಕ್ಷಿತನ ಕುವಲಯಾನಂದದಲ್ಲಿ ಅವು ನೂರನ್ನು ಮೀರಿವೆ. ಅದೇ ಶತಮಾನದಲ್ಲಿ, 1577ರಲ್ಲಿ, ಹೆನ್ರಿ ಪೀಚಂ ಇಂಗ್ಲಿಷಿನಲ್ಲಿ ವಾಗ್ವೈಖರಿಯ ಉದ್ಯಾನವೊಂದನ್ನು ರಚಿಸಿ ಗ್ರೀಕ್ ಲ್ಯಾಟಿನ್ ಹೆಸರುಗಳನ್ನು ಸಾಲುಸಾಲಾಗಿ ನೆಟ್ಟನು. 1589ರಲ್ಲಿ ಜಾರ್ಜ್ ಪಟನ್‌ಹ್ಯಾಮ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆ ಪರಭಾಷೆಯ ಹೆಸರುಗಳಿಗೆಲ್ಲ ಅಚ್ಚ ಇಂಗ್ಲಿಷಿನ ಹೆಸರುಗಳನ್ನು ಕಟ್ಟಿಕೊಡಲು ಯತ್ನಿಸಿದನು. ಐರನಿಗೆ ಅವನಿತ್ತ ಹೆಸರನ್ನು ನಾವು ‘ಒಣ ಅಣಕ’ ಎನ್ನಬಹುದು. ಹೈಪರ್‌ಬಲಿಗೆ ಅವನು ಕೊಟ್ಟ ಹೆಸರುಗಳಲ್ಲೊಂದು ‘ಗಟ್ಟಿದನಿಯ ಸುಳ್ಳುಗಾರ’. ಈ ಹೆಸರುಗಳು ಬಾಳಲಿಲ್ಲ. ಆದರೂ ಪಟನ್‌ಹ್ಯಾಮನಿಗೆ ಒಂದು ಸಂಗತಿ ತಿಳಿದಿತ್ತು: ಅಲಂಕಾರದ ಹೆಸರು ಹುಟ್ಟುವಾಗ ತಾನೇ ಒಂದು ಚಿತ್ರವಾಗಿರುತ್ತದೆ, ಕಂಠಪಾಠದಲ್ಲಿ ಆ ಚಿತ್ರ ಅಳಿಸಿಹೋಗುತ್ತದೆ.

ಚೀಟಿಗಳಲ್ಲಿ ‘ಝೂಗ್ಮ’ ಎಂಬುದೊಂದಿತ್ತು. ಒಂದೇ ಪದ, ಸಾಮಾನ್ಯವಾಗಿ ಒಂದೇ ಕ್ರಿಯಾಪದ, ವಾಕ್ಯದ ಹಲವು ಅಂಗಗಳಿಗೆ ಅನ್ವಯಿಸುವುದು ಅದರ ಲಕ್ಷಣ. ಹುಡುಗಿ ಅದನ್ನು ತಡವರಿಸದೆ ಒಪ್ಪಿಸಿದಳು. ಗ್ರೀಕಿನಲ್ಲಿ ಆ ಶಬ್ದಕ್ಕೆ ನೊಗಕ್ಕೆ ಹೂಡುವುದೆಂದು ಅರ್ಥ. ಎರಡು ಎತ್ತುಗಳ ಕೊರಳಿಗೆ ಒಂದೇ ಮರ. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನಮ್ಮ ಆಲಂಕಾರಿಕರು ಇದಕ್ಕೆ ಹತ್ತಿರವಾದ ಉಕ್ತಿಕ್ರಮವನ್ನು ದೀಪಕವೆಂದರು. ಹೊಸ್ತಿಲ ಮೇಲಿಟ್ಟ ದೀಪ ಒಳಗನ್ನೂ ಹೊರಗನ್ನೂ ಒಟ್ಟಿಗೆ ಬೆಳಗುತ್ತದೆ. ಒಂದೇ ವ್ಯಾಪಾರವನ್ನು ಕಂಡು ಒಬ್ಬರಿಗೆ ಹೊಲ ನೆನಪಾಗಿದೆ, ಇನ್ನೊಬ್ಬರಿಗೆ ಮನೆ. ನೊಗದ ಕಲ್ಪನೆಯಲ್ಲಿ ಬಿಗಿತವಿದೆ, ಒಲ್ಲದವುಗಳನ್ನು ಜೊತೆಗೂಡಿಸುವ ಬಲವಂತವಿದೆ. ಇಂಗ್ಲಿಷಿನಲ್ಲಿ ಈ ಅಲಂಕಾರ ಹೆಚ್ಚಾಗಿ ಹಾಸ್ಯಕ್ಕೆ ಒದಗುವುದು ಇದರಿಂದಲೇ ಇರಬೇಕು. ದೀಪದ ಕಲ್ಪನೆಯಲ್ಲಿ ಬಲವಂತವಿಲ್ಲ. ಎರಡು ಕಾವ್ಯಪರಂಪರೆಗಳ ಒಲವನ್ನು ಕುರಿತು ಇಷ್ಟನ್ನು ತಿಳಿಸಬಲ್ಲ ಹೆಸರು ಚೀಟಿಯ ಮೇಲೆ ಆರು ಅಕ್ಷರಗಳ ಗೋಳಾಗಿ ಕುಳಿತಿತ್ತು.

ಎರಡನೆಯ ಕಟ್ಟಿನ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ತುಚ್ಛೀಕರಿಸುವ, ಅಣಕಿಸುವ, ಮರುಗುವ, ಉಪದೇಶಿಸುವ ಧಾಟಿಗಳನ್ನು ಸೂಚಿಸುವ ಇಂಗ್ಲಿಷ್ ಗುಣವಾಚಕಗಳು ಅಲ್ಲಿ ಅಕಾರಾದಿಯಾಗಿದ್ದವು. ನಮ್ಮ ನಿಘಂಟುಕಾರರು ಈ ವಿಷಯದಲ್ಲಿ ಜಾಣರು. ಅಮರಕೋಶ ಪದಗಳನ್ನು ವರ್ಗಗಳಾಗಿ ಕೂಡಿಸಿತು. ನೀರಿನ ಮಾತುಗಳು ನೀರಿನ ಮಾತುಗಳ ಬಳಿ, ಕಾಡಿನವು ಕಾಡಿನವುಗಳ ಬಳಿ. ಕನ್ನಡದಲ್ಲಿ ರನ್ನಕಂದದಿಂದ ಮೊದಲ್ಗೊಂಡು ಅಭಿನವ ಮಂಗರಾಜನವರೆಗೆ ಪದ್ಯರೂಪದ ನಿಘಂಟುಗಳಾದುವು. ಕಂಠಸ್ಥವಾದ ಪದ್ಯದಲ್ಲಿ ಒಂದು ಪದ ಇನ್ನೊಂದನ್ನು ಕರೆದುತರುತ್ತದೆ. ಆದಕಾರಣ ಕಂಠಪಾಠವನ್ನೇ ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ನಿಘಂಟು ‘ಇವೆಲ್ಲ ಒಂದೇ’ ಎನ್ನುತ್ತದೆ, ಕವಿಗೆ ಬೇಕಾದುದು ‘ಇವು ಒಂದೇ ಅಲ್ಲ’ ಎಂಬ ಅರಿವು. ಆ ಅರಿವು ಪ್ರಯೋಗದಿಂದಲ್ಲದೆ ಬಾರದು. ಅಮೆರಿಕದ ಪರೀಕ್ಷಾಮಂಡಲಿಗಳಿಗೂ ಇದು ತಡವಾಗಿಯಾದರೂ ಹೊಳೆದಂತಿದೆ. ಎಸ್‌ಎಟಿ ಪರೀಕ್ಷೆಯಿಂದ ಪದಸಾದೃಶ್ಯದ ಪ್ರಶ್ನೆಗಳು 2005ರಲ್ಲಿ ಹೋದುವು. ನಮ್ಮ ದೇಶದ ಎಷ್ಟೋ ತರುಣರು ಅಬೇಸ್, ಅಬ್ಯಾಶ್, ಅಬೇಟ್ ಎಂದು ಜಪಿಸಲು ಕಾರಣವಾಗಿದ್ದ ಜಿಆರ್‌ಇಯ ವಿರುದ್ಧಪದಗಳ ಪ್ರಶ್ನೆಗಳು 2011ರಲ್ಲಿ ಹೋದುವು. ಜಪ ಮಾತ್ರ ನಿಂತಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಹುಡುಗಿಯ ಪರೀಕ್ಷೆಯಲ್ಲಿ ಮೂರು ಪ್ರಬಂಧಗಳಿವೆ. ಅವುಗಳಲ್ಲೊಂದರಲ್ಲಿ ಭಾಷಣವನ್ನೋ ಪತ್ರವನ್ನೋ ಕೊಟ್ಟು, ಅದನ್ನು ಬರೆದವರು ತಮ್ಮ ಉದ್ದೇಶವನ್ನು ಯಾವ ಉಕ್ತಿಕ್ರಮಗಳಿಂದ ಸಾಧಿಸಿದರೆಂದು ವಿಶ್ಲೇಷಿಸಲು ಕೇಳುತ್ತಾರೆ. ಈಚಿನ ವರ್ಷಗಳ ಕ್ರಮದಲ್ಲಿ ಇದಕ್ಕೆ ಆರು ಅಂಕ: ಪ್ರತಿಪಾದನೆಗೆ ಒಂದು, ಆಧಾರ ಮತ್ತು ವಿವರಣೆಗೆ ನಾಲ್ಕು, ನೋಟದ ಪ್ರೌಢಿಮೆಗೆ ಒಂದು. ಅಲಂಕಾರದ ಹೆಸರು ಹೇಳಿದ್ದಕ್ಕೆಂದು ಅಂಕವಿಲ್ಲ. ಅವಳು ಅಭ್ಯಾಸಕ್ಕೆಂದು ಬರೆದಿದ್ದುದು 2011ರ ಪ್ರಶ್ನೆಗೆ ಉತ್ತರ. ಅದರ ಪಠ್ಯ, ಬಾಲಕಾರ್ಮಿಕರನ್ನು ಕುರಿತು ಫ್ಲಾರೆನ್ಸ್ ಕೆಲಿ 1905ರಲ್ಲಿ ಮಹಿಳಾ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದವರ ಮುಂದೆ ಮಾಡಿದ ಭಾಷಣ. ಹುಡುಗಿಯ ಉತ್ತರದ ಸಾರ ಇಷ್ಟು: ಕೆಲಿ ಪುನರುಕ್ತಿಯನ್ನು ಬಳಸುತ್ತಾಳೆ, ಅದು ಒತ್ತು ನೀಡುತ್ತದೆ, ವಿರೋಧಾಭಾಸವನ್ನು ಬಳಸುತ್ತಾಳೆ, ಅದು ಗಮನ ಸೆಳೆಯುತ್ತದೆ.

ಆ ಭಾಷಣವನ್ನು ಇಬ್ಬರೂ ಕೂಡಿ ಓದಿದೆವು. ಸಭಿಕರು ರಾತ್ರಿ ನಿದ್ರಿಸುತ್ತಿರುವ ಹೊತ್ತಿಗೆ ನೂಲಿನ ಗಿರಣಿಗಳಲ್ಲಿ ಸಣ್ಣ ಹುಡುಗಿಯರು ದುಡಿಯುತ್ತಿದ್ದಾರೆಂಬ ಮಾತು ಅಲ್ಲಿ ಮರಳಿ ಮರಳಿ ಬರುತ್ತದೆ. ಪುನರುಕ್ತಿ ಹೌದು. ಆದರೆ ಪ್ರತಿ ಸಾರಿಯೂ ನಿದ್ರಿಸುವವರು ‘ನೀವು’ ಅಲ್ಲ, ‘ನಾವು’. ದೂಷಿಸುವವಳು ತನ್ನನ್ನೂ ದೂಷಿತರ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದಾಳೆ. ಆ ಮಕ್ಕಳು ನೇಯುವ ಕಾಲುಚೀಲ, ಹೊಲಿಯುವ ಬೂಟು ಇದೇ ‘ನಾವು’ ಕೊಳ್ಳುವಂಥವು. ಕೆಲಿ 1899ರಿಂದ ಗ್ರಾಹಕರ ಸಂಘಟನೆಯೊಂದರ ಮುಂದಾಳಾಗಿದ್ದವಳೆಂಬುದನ್ನು ನೆನೆದರೆ ಆ ಸರ್ವನಾಮದ ಭಾರ ಇನ್ನೂ ಹೆಚ್ಚುತ್ತದೆ. ಕೇಳುತ್ತಿದ್ದ ಹೆಂಗಸರಲ್ಲಿ ಹೆಚ್ಚಿನವರಿಗೆ ಮತವಿಲ್ಲ. ಅಪರಾಧದಲ್ಲಿ ಪಾಲಿದೆ, ಪರಿಹಾರದ ಅಧಿಕಾರವಿಲ್ಲ. ಮಕ್ಕಳ ಬಿಡುಗಡೆ ಮತ್ತು ಹೆಂಗಸರ ಮತದಾನದ ಹಕ್ಕು ಎಂಬ ಎರಡು ಬೇಡಿಕೆಗಳನ್ನು ಅವಳು ಹೆಣೆದಿರುವುದು ಈ ಸಂಕಟದ ನೆಲೆಯಲ್ಲಿ. ಇದನ್ನೆಲ್ಲ ‘ಒತ್ತು’ ಎಂಬ ಒಂದು ಮಾತು ಮುಚ್ಚಿಹಾಕಿತ್ತು.

ಇನ್ನೊಂದು ಎಡೆಯಲ್ಲಿ ಕೆಲಿ ನ್ಯೂಜೆರ್ಸಿಯ ಹೆಸರನ್ನೆತ್ತುತ್ತಾಳೆ. ಸಂಜೆಯ ನಂತರದ ದುಡಿಮೆಯನ್ನು ತಡೆಯುತ್ತಿದ್ದ ಒಳ್ಳೆಯ ಕಾನೂನೊಂದನ್ನು ಅಲ್ಲಿ ರದ್ದುಮಾಡಲಾಗಿತ್ತು; ಹದಿನಾಲ್ಕು ತುಂಬಿದ ಮಕ್ಕಳು ಇನ್ನು ರಾತ್ರಿಯಿಡೀ ದುಡಿಯಬಹುದಿತ್ತು. ಅದನ್ನು ಅವಳು ಮಕ್ಕಳಿಗೆ ದೊರೆತ ವಿಶೇಷ ಸೌಲಭ್ಯವೆಂಬಂತೆ, ಆದರೆ ಕನಿಕರದ ವಿಶೇಷಣವೊಂದನ್ನು ಹಚ್ಚಿ, ಹೇಳುತ್ತಾಳೆ. ಚೀಟಿಯ ಪ್ರಕಾರ ಇದು ವಿರುದ್ಧಾರ್ಥಕ ಪದಗಳ ಜೋಡಣೆ. ಸ್ತುತಿಯ ವೇಷದ ನಿಂದೆಯಾದುದರಿಂದ ನಾವು ಇದನ್ನು ವ್ಯಾಜಸ್ತುತಿಯ ಬಳಿ ಇರಿಸುತ್ತೇವೆ. ಇಲ್ಲಿ ನಿಂದೆ ತಗಲುವುದು ಮಕ್ಕಳಿಗಲ್ಲ, ಕಾನೂನು ಮಾಡುವವರಿಗೆ ಎಂಬುದು ವಿಶೇಷ. ಹುಡುಗಿ ಹುಟ್ಟಿ ಬೆಳೆದದ್ದು ಅದೇ ನ್ಯೂಜೆರ್ಸಿಯಲ್ಲಿ, ವಯಸ್ಸು ಹದಿನಾರು. ತನ್ನ ಊರಿನ ಹೆಸರು ಅಲ್ಲಿದ್ದುದನ್ನು ಅವಳು ಗಮನಿಸಿಯೇ ಇರಲಿಲ್ಲ; ಕಣ್ಣು ಅಲಂಕಾರಗಳನ್ನು ಅರಸುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ದೊಡ್ಡಪ್ಪ, ಆ ‘ನಾವು’ಗೆ ಏನು ಹೆಸರು?” ಎಂದು ಕೇಳಿದಳು. ನಮಗೆ ತಿಳಿದ ಶಾಸ್ತ್ರದಲ್ಲಿ ಅದಕ್ಕೆ ತಕ್ಕ ಹೆಸರು ಹೊಳೆಯಲಿಲ್ಲ. “ಹಾಗಾದ್ರೆ ಚೀಟಿ ಖಾಲಿ ಬಿಡ್ಲಾ?” ಎಂದಳು. ಬಿಡು ಎಂದೆವು.

ಪರದೇಶದ ಪಾಠಕ್ರಮವನ್ನು ಟೀಕಿಸಿ ಸಮಾಧಾನಪಟ್ಟುಕೊಳ್ಳುವುದು ಸುಲಭ. ಆದರೆ ಕರ್ನಾಟಕದ ಪ್ರೌಢಶಾಲೆಯ ಕನ್ನಡ ಪ್ರಶ್ನಪತ್ರಿಕೆಯನ್ನು ನೋಡಿ. ವಾಕ್ಯವೊಂದನ್ನು ಕೊಟ್ಟು, ಅಲಂಕಾರವನ್ನು ಹೆಸರಿಸಿ ಲಕ್ಷಣ ಬರೆದು ಸಮನ್ವಯಗೊಳಿಸಿ ಎನ್ನುತ್ತದೆ. ಎಂಥ ಒಳ್ಳೆಯ ಮಾತು ಈ ಸಮನ್ವಯ! ಲಕ್ಷಣವು ಲಕ್ಷ್ಯದಲ್ಲಿ ಹೇಗೆ ಸಾರ್ಥಕವಾಯಿತೆಂದು ತೋರಿಸುವುದೇ ಅದು. ಅಮೆರಿಕದ ಪರೀಕ್ಷಕರು ವಿವರಣೆಗೆಂದು ನಾಲ್ಕು ಅಂಕವಿಟ್ಟು ಕೇಳುತ್ತಿರುವುದೂ ಇದನ್ನೇ. ನಾವಾದರೋ ಸಮನ್ವಯವನ್ನು ನಾಲ್ಕು ಖಾನೆಗಳಿಗೆ ಇಳಿಸಿದ್ದೇವೆ: ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ. ಖಾನೆ ತುಂಬಿದರೆ ಅಂಕ. ಈ ಮುಖಕ್ಕೆ ಕಮಲವೇ ಏಕೆ, ಇಲ್ಲಿಯೇ ಏಕೆ ಎಂದು ಯಾರೂ ಕೇಳುವುದಿಲ್ಲ. ಈ ಆಕ್ಷೇಪದಿಂದ ನಾವು ಹೊರಗಿಲ್ಲ. ಕಾವ್ಯಮೀಮಾಂಸೆಯ ತರಗತಿಯಲ್ಲಿ ಹಲವು ವರ್ಷ ಲಕ್ಷಣಗಳನ್ನು ಬರೆಯಿಸಿದ್ದೇವೆ. ಹೊತ್ತು ಸಾಲದೆಂದು ಉದಾಹರಣೆಗಳನ್ನು ‘ಮನೆಯಲ್ಲಿ ನೋಡಿಕೊಳ್ಳಿ’ ಎಂದಿದ್ದೇವೆ.

ನಮ್ಮ ಪ್ರಾಚೀನರು ಬಿಡದೆ ಉಳಿಸಿಕೊಂಡದ್ದು ಆ ಉದಾಹರಣೆಗಳನ್ನೇ. ಕವಿರಾಜಮಾರ್ಗಕಾರ ದೋಷವುಳ್ಳ ಪದ್ಯವನ್ನು ಮುಂದಿಟ್ಟು, ಅದನ್ನೇ ತಿದ್ದಿ ತೋರಿಸುವ ಕ್ರಮವನ್ನು ಅನುಸರಿಸಿದ್ದಾನೆ. ಓದುಗ ಎರಡನ್ನೂ ಕಿವಿಯಿಂದ ತೂಗಬೇಕು. ಕೇಶಿರಾಜನ ಶಬ್ದಮಣಿದರ್ಪಣ ವ್ಯಾಕರಣಗ್ರಂಥವಾದರೂ ಸೂತ್ರ, ವೃತ್ತಿಗಳ ಬೆನ್ನಿಗೇ ಪ್ರಯೋಗವನ್ನು ಕೊಡುತ್ತದೆ. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳು ಇಂದು ಉಪಲಬ್ಧವಿಲ್ಲ. ನಮಗೆ ದಕ್ಕಿರುವುದು ಇತರರ ಗ್ರಂಥಗಳಲ್ಲಿ ಉದಾಹೃತವಾದ ಪದ್ಯಗಳಷ್ಟೆ. ಈ ಲಕ್ಷಣಕಾರರೂ ಸಂಕಲನಕಾರರೂ ನಮ್ಮಂತೆ ಹೊತ್ತು ಸಾಲದೆಂದಿದ್ದರೆ ಅವೂ ಉಳಿಯುತ್ತಿರಲಿಲ್ಲ.

ಹುಡುಗಿ ಹಿಂದಿರುಗಿದ ಮೇಲೆ ನಮ್ಮ ವಿದ್ಯಾರ್ಥಿಗಳ ಆಂತರಿಕ ಪರೀಕ್ಷೆಯಲ್ಲಿ ಒಂದು ಬದಲಾವಣೆ ಮಾಡಿದೆವು. ಪಂಪಭಾರತದ ಬನವಾಸಿಯ ವರ್ಣನೆಯಿಂದ ಒಂದು ಪದ್ಯವನ್ನು ಕೊಟ್ಟು, ಅಲಂಕಾರದ ಹೆಸರನ್ನೂ ಲಕ್ಷಣವನ್ನೂ ಪ್ರಶ್ನೆಯಲ್ಲಿಯೇ ಅಚ್ಚುಮಾಡಿ, ಸಮನ್ವಯವನ್ನಷ್ಟೇ ಕೇಳಿದೆವು. ಅರ್ಧಕ್ಕೂ ಹೆಚ್ಚು ಮಂದಿ ಅಚ್ಚಾಗಿದ್ದ ಲಕ್ಷಣವನ್ನೇ ಉತ್ತರಪತ್ರಿಕೆಯಲ್ಲಿ ನಕಲು ಮಾಡಿದ್ದರು. ಒಬ್ಬಾಕೆ ಮಾತ್ರ ಆ ಪದ್ಯದಲ್ಲಿ ಊರನ್ನು ನೆನೆಯುತ್ತಿರುವವನು ಈಗ ಎಲ್ಲಿ ನಿಂತಿದ್ದಾನೆಂಬ ಪ್ರಶ್ನೆಯಿಂದ ಆರಂಭಿಸಿ ಎರಡು ಪುಟ ಬರೆದಿದ್ದಳು. ಹೈದರಾಬಾದಿನಲ್ಲಿ ಬೆಳೆದ ಹುಡುಗಿ, ಕಾಗುಣಿತದ ತಪ್ಪುಗಳು ಬಹಳವಿದ್ದವು. ಮುಂದಿನ ಪರೀಕ್ಷೆಯಲ್ಲಿಯೂ ಪ್ರಶ್ನೆಯ ರೂಪವನ್ನು ಹಾಗೆಯೇ ಇರಿಸಿದ್ದೇವೆ.