ಕಥೆ ಗಟ್ಟಿ, ಕಟ್ಟುವಿಕೆ ಸಡಿಲ

ಕನ್ನಡ ಚಿತ್ರವೊಂದು ಸಿಡ್ನಿಗೋ ಮೆಲ್ಬರ್ನ್‌ಗೋ ಬಂದರೆ ಅದಕ್ಕೆ ಸಾಮಾನ್ಯವಾಗಿ ಸಿಗುವುದು ಒಂದೆರಡು ವಾರಾಂತ್ಯ. ನೋಡಿ ಹೊರಬಂದವರಿಂದ ನಾನು ಹಲವು ವರ್ಷಗಳಿಂದ ಕೇಳುತ್ತ ಬಂದಿರುವ ಮಾತು ಒಂದೇ: “ಕಥೆ ಏನೋ ಚೆನ್ನಾಗಿತ್ತು, ಆದರೆ...” ಮುಂದಿನ ಮಾತು ಬಾಯಿಗೆ ಬರುವುದಿಲ್ಲ. ನಮ್ಮ ಭಾಷೆಯ ಚಿತ್ರ, ಇಷ್ಟು ದೂರ ಬಂದಿದೆ, ತಪ್ಪು ಹುಡುಕುವುದೇಕೆ ಎಂಬ ಸಂಕೋಚ. ಆ ಅರ್ಧ ವಾಕ್ಯವನ್ನು ಪೂರ್ತಿ ಮಾಡುವುದು ಈ ಲೇಖನದ ಉದ್ದೇಶ.

ಕೊರತೆಗೆ ನಾವು ಕೊಡುವ ಮೊದಲ ಕಾರಣ ಹಣ. ಕನ್ನಡದ ಮಾರುಕಟ್ಟೆ ಚಿಕ್ಕದು, ತೆಲುಗು ತಮಿಳಿನಷ್ಟು ಬಂಡವಾಳ ಎಲ್ಲಿಂದ ಬರಬೇಕು ಎನ್ನುತ್ತೇವೆ. ಈ ವಾದವನ್ನು ಪರೀಕ್ಷಿಸಲು ಆಸ್ಟ್ರೇಲಿಯಾದ ಕನ್ನಡಿಗರಿಗೆ ಹತ್ತಿರದ ಉದಾಹರಣೆಯೇ ಇದೆ. 1970ರ ‘ಸಂಸ್ಕಾರ’ ಚಿತ್ರದ ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಯು. ಆರ್. ಅನಂತಮೂರ್ತಿಯವರ ಕಾದಂಬರಿಗೆ ಚಿತ್ರಕಥೆ ಬರೆದ ಗಿರೀಶ್ ಕಾರ್ನಾಡರು ಮೊದಲ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡು ಪ್ರಾಣೇಶಾಚಾರ್ಯರಾದರು. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದರು, ರಾಜೀವ ತಾರಾನಾಥರು ಸಂಗೀತ ಕೊಟ್ಟರು. ದೊಡ್ಡ ಸ್ಟುಡಿಯೋ ಇಲ್ಲ, ಸ್ಟಾರ್ ಇಲ್ಲ, ಬಣ್ಣವೂ ಇಲ್ಲ. ಆದರೂ ಅಗ್ರಹಾರದ ಬಿಕೋ ಎನ್ನುವ ಬೀದಿ, ಅಂಗಳಕ್ಕೆ ಬೀಳುವ ಬೆಳಕು, ನಿರ್ಧಾರಕ್ಕೆ ಬರಲಾಗದ ಆಚಾರ್ಯರ ಮುಖ, ಇಷ್ಟರಲ್ಲೇ ಮನೆಯೊಳಗೆ ಸಂಸ್ಕಾರವಾಗದೆ ಬಿದ್ದ ಹೆಣದ ಭಾರ ನಮಗೆ ತಿಳಿಯುತ್ತದೆ. ಮೊದಲು ಸೆನ್ಸಾರಿನವರು ತಡೆದ ಈ ಚಿತ್ರ ಮುಂದೆ ಸ್ವರ್ಣಕಮಲ ಪಡೆಯಿತು. ಕನ್ನಡಕ್ಕೆ ಅದೇ ಮೊದಲ ಸ್ವರ್ಣಕಮಲ.

ಅದು ಆ ಕಾಲದ ಮಾತು ಎನ್ನುವವರು ‘ತಿಥಿ’ಯನ್ನು ನೋಡಬಹುದು. ರಾಮ್ ರೆಡ್ಡಿ ನಿರ್ದೇಶನದ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, ಮರುವರ್ಷ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಕಥೆ ಎರಡು ಸಾಲಿನದು: 101 ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ, ಹನ್ನೊಂದನೆಯ ದಿನದ ತಿಥಿಯೊಳಗೆ ಮಗ, ಮೊಮ್ಮಗ, ಮರಿಮಗ ತಂತಮ್ಮ ದಾರಿ ಹಿಡಿಯುತ್ತಾರೆ. ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಯ ಜನ. ಅವರ ಮಾತನ್ನು ಚಿತ್ರೀಕರಣದ ಜಾಗದಲ್ಲೇ ದಾಖಲಿಸಿದ್ದರಿಂದ ಗಡ್ಡಪ್ಪನ ಗೊಣಗಾಟ, ಕುರಿಗಳ ಕೂಗು, ಜಗಳದ ಏರುದನಿ ಎಲ್ಲವೂ ಒಂದೇ ಗಾಳಿಯಲ್ಲಿ ಕೇಳುತ್ತವೆ. ಚಿತ್ರಕಥೆಯ ಜೊತೆಗಾರ ಈರೇಗೌಡರಿಗೆ ಆ ಊರಿನ ಒಡನಾಟವಿತ್ತು. ಗೊತ್ತಿರುವುದನ್ನೇ ಬರೆದು, ತಾಳ್ಮೆಯಿಂದ ತಿದ್ದಿದ ಗುರುತು ಪ್ರತಿ ದೃಶ್ಯದಲ್ಲೂ ಇದೆ.

ಇವು ಕಲಾತ್ಮಕ ಚಿತ್ರಗಳಾಯಿತು, ಜನಪ್ರಿಯ ಚಿತ್ರಕ್ಕೆ ಬೇರೆ ಲೆಕ್ಕ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಾಗಿ ಈಗ ಜನಪ್ರಿಯ ಧಾಟಿಯ, ಹಣಕ್ಕೆ ಕೊರತೆಯಿಲ್ಲದ ಎರಡು ಚಿತ್ರಗಳನ್ನು ತೆಗೆದುಕೊಳ್ಳುತ್ತೇನೆ.

ಮೊದಲನೆಯದು 2019ರ ಡಿಸೆಂಬರಿನಲ್ಲಿ ಬಂದ ‘ಅವನೇ ಶ್ರೀಮನ್ನಾರಾಯಣ’. ಅಮರಾವತಿ ಎಂಬ ಕಲ್ಪಿತ ಊರು, ಲೂಟಿಯಾದ ನಿಧಿ, ನಾಟಕ ಕಂಪನಿಯೊಂದರ ರಹಸ್ಯ, ಚುರುಕುಬುದ್ಧಿಯ ಇನ್ಸ್‌ಪೆಕ್ಟರ್ ನಾರಾಯಣ. ಕೌಬಾಯ್ ಚಿತ್ರಗಳ ಛಾಯೆಗೆ ನಮ್ಮ ಪುರಾಣದ ಹೆಸರುಗಳನ್ನು ಬೆರೆಸಿದ ಇಂಥ ಕಲ್ಪನೆ ಕನ್ನಡದಲ್ಲಿ ಅಪರೂಪ. ಸೆಟ್ಟುಗಳಲ್ಲಿ ಶ್ರದ್ಧೆ ಕಾಣುತ್ತದೆ, ಅಚ್ಯುತ್ ಕುಮಾರ್ ಜೊತೆಗಿನ ರಕ್ಷಿತ್ ಶೆಟ್ಟಿಯವರ ಹಾಸ್ಯ ನಗಿಸುತ್ತದೆ. ಆದರೆ ಚಿತ್ರ ಮೂರು ಗಂಟೆಗೂ ಮೀರಿ ಓಡುತ್ತದೆ. ನಾರಾಯಣ ಸಿಕ್ಕಿಬೀಳುತ್ತಾನೆ, ಜಾಣತನದಿಂದ ಪಾರಾಗುತ್ತಾನೆ. ಮತ್ತೆ ಸಿಕ್ಕಿಬೀಳುತ್ತಾನೆ, ಮತ್ತೆ ಪಾರಾಗುತ್ತಾನೆ. ಮೂರನೆಯ ಸಲಕ್ಕೆ ನಮಗೆ ಅವನ ಬಗ್ಗೆ ಆತಂಕವೇ ಉಳಿಯುವುದಿಲ್ಲ. ನಿರ್ದೇಶಕ ಸಚಿನ್ ರವಿ ಸ್ವತಃ ಸಂಕಲನಕಾರರು. ಒಂದೇ ಘಟನೆಯನ್ನು ಹಲವರ ಕಣ್ಣಿಂದ ಹೇಳುವ ‘ಉಳಿದವರು ಕಂಡಂತೆ’ಯ ಸಂಕಲನ ಮಾಡಿದವರು. ತಾನೇ ಹೆತ್ತ ದೃಶ್ಯಕ್ಕೆ ಕತ್ತರಿ ಹಾಕುವುದು ಎಂಥ ನುರಿತ ಕೈಗೂ ಕಷ್ಟ ಎಂಬುದಕ್ಕೆ ಈ ಚಿತ್ರವೇ ಸಾಕ್ಷಿ. ಚಿತ್ರಕಥೆಯ ಹಂತದಲ್ಲೇ ಅರ್ಧ ಗಂಟೆ ಕಳೆದಿದ್ದರೆ ಇದು ಕನ್ನಡದ ಹೆಮ್ಮೆಯ ಮನರಂಜನೆಯಾಗುತ್ತಿತ್ತು.

ಎರಡನೆಯದು 2023ರ ಮಾರ್ಚ್ 17ರಂದು ತೆರೆಕಂಡ, ಆರ್. ಚಂದ್ರು ನಿರ್ದೇಶನದ ‘ಕಬ್ಜ’. ಸ್ವಾತಂತ್ರ್ಯ ಹೋರಾಟಗಾರನ ಮಗ, ವಾಯುಪಡೆಯ ಪೈಲಟ್, ಅಣ್ಣನ ಕೊಲೆಯ ನಂತರ ಭೂಗತ ಲೋಕದ ದೊರೆಯಾಗುತ್ತಾನೆ. ಈ ಎಳೆಯಲ್ಲಿ ಒಂದು ದುರಂತ ನಾಟಕವೇ ಅಡಗಿದೆ. ದೇಶಕ್ಕಾಗಿ ಬದುಕಿದ ಮನೆಯಿಂದ ಕೊಲೆಗಾರ ಹುಟ್ಟುವ ಆ ಘಳಿಗೆಯಲ್ಲಿ ಅವನಿಗೆ ಏನನ್ನಿಸಿತು? ಚಿತ್ರ ಅಲ್ಲಿ ನಿಲ್ಲುವುದೇ ಇಲ್ಲ. ನಿರೂಪಕನ ದನಿ ಓಡುತ್ತದೆ, ತುಂಡು ತುಂಡು ದೃಶ್ಯಗಳು ಹಾರುತ್ತವೆ, ಹಿನ್ನೆಲೆ ಸಂಗೀತ ಕಿವಿಗಡಚಿಕ್ಕುತ್ತದೆ. ಇವೆಲ್ಲ ‘ಕೆಜಿಎಫ್’ನಿಂದ ಬಂದ ಸಲಕರಣೆಗಳು. ಅಲ್ಲಿ ನಿರೂಪಕ ಒಂದು ಪುಸ್ತಕದ ಕರ್ತೃ. ಅವನು ಉತ್ಪ್ರೇಕ್ಷಿಸುತ್ತಿರಬಹುದು ಎಂಬ ಗುಮಾನಿಯೇ ಕಥೆಗೆ ದಂತಕಥೆಯ ರಂಗು ಕೊಡುತ್ತದೆ. ಇಲ್ಲಿ ನಿರೂಪಕ ದೃಶ್ಯ ಮಾಡಬೇಕಾದ ಕೆಲಸವನ್ನು ತಾನೇ ಮುಗಿಸಿಬಿಡುತ್ತಾನೆ. ಉಪೇಂದ್ರ, ಸುದೀಪ್, ಕೊನೆಗೆ ಶಿವರಾಜ್‌ಕುಮಾರ್, ಮೂವರೂ ಇದ್ದಾರೆ. ಅವರು ಮುಖಾಮುಖಿ ಕೂತು ಆಡುವ ಒಂದು ದೊಡ್ಡ ದೃಶ್ಯಕ್ಕಾಗಿ ಕಾದದ್ದಷ್ಟೇ ನಮ್ಮ ಪಾಲಿಗೆ. ಕಥೆ ಮುಂದಿನ ಭಾಗಕ್ಕೆ ಮುಂದೂಡಲ್ಪಡುತ್ತದೆ.

ಎರಡರಲ್ಲೂ ಕೆಟ್ಟಿರುವುದು ಹಣ ಸಾಲದೆ ಅಲ್ಲ. ಹೊಳೆದ ಕಥೆಗೂ ಮುಗಿದ ಚಿತ್ರಕ್ಕೂ ನಡುವೆ ಬರೆದು, ತಿದ್ದಿ, ಬಿಟ್ಟು, ಮತ್ತೆ ಬರೆಯುವ ಕೆಲಸವಿದೆ. ಅದಕ್ಕೆ ಬೇಕಾದದ್ದು ಕಾಲ ಮತ್ತು ಬೇಡ ಎನ್ನುವ ಒಬ್ಬ ಹಿತೈಷಿ.

ಇದು ಇಲ್ಲಿನ ಕುಟುಂಬಗಳಿಗೆ ಯಾಕೆ ಮುಖ್ಯ? ನಮ್ಮ ಅನೇಕ ಮಕ್ಕಳು ಕನ್ನಡ ಓದುವುದಿಲ್ಲ. ಮನೆಯವರನ್ನು ಬಿಟ್ಟರೆ ಅವರು ಕನ್ನಡ ಕೇಳುವುದು ಹೆಚ್ಚಾಗಿ ಸಿನಿಮಾದಲ್ಲಿ. ಅಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಹೋದರೆ, ಎಲ್ಲ ಊರಿನವರೂ ಒಂದೇ ಡಬ್ಬಿಂಗ್ ಕೋಣೆಯ ಕನ್ನಡ ಆಡಿದರೆ, ಅವರಿಗೆ ಭಾಷೆಯೇ ಕೃತಕವೆನಿಸುತ್ತದೆ. ಸಬ್‌ಟೈಟಲ್ ಕೂಡ ಕುಸುರಿಯ ಕೆಲಸವೇ. “ಹೋಗಿ ಬರ್ತೀನಿ” ಎಂಬುದು ಕೆಳಗಿನ ಸಾಲಿನಲ್ಲಿ ಬರೀ “ಹೋಗುತ್ತೇನೆ” ಆದರೆ, ಮರಳಿ ಬರುವ ಭರವಸೆ ಅಲ್ಲೇ ಬಿದ್ದುಹೋಗುತ್ತದೆ. ನಾವು ಊರಿನ ನೆನಪಿನಿಂದ ಈ ತೂತುಗಳನ್ನು ತುಂಬಿಕೊಂಡು ನೋಡುತ್ತೇವೆ. ಪ್ಯಾರಮ್ಯಾಟದಲ್ಲೋ ವೆರಿಬಿಯಲ್ಲೋ ಬೆಳೆದ ಮಗುವಿಗೆ ಆ ನೆನಪಿಲ್ಲ. ಪರದೆಯ ಮೇಲೆ ಏನಿದೆಯೋ ಅಷ್ಟೇ ಅದಕ್ಕೆ ಕನ್ನಡ.

ಹೀಗಾಗಿ ಮೌನದ ಅಭಿಮಾನ ಯಾರಿಗೂ ಉಪಕಾರಿಯಲ್ಲ. ಸಂಘ ವರ್ಷಕ್ಕೆ ಒಂದು ಕನ್ನಡ ಚಿತ್ರವನ್ನು ಆರಿಸಿ, ಪ್ರದರ್ಶನದ ನಂತರ ಅರ್ಧ ಗಂಟೆ ಮುಕ್ತ ಚರ್ಚೆಗೆ ಇಡಬಹುದು ಎಂಬುದು ನನ್ನ ಸಲಹೆ. ಚೆನ್ನಾಗಿದ್ದದ್ದನ್ನು ಮೊದಲು ಹೇಳೋಣ, ಸಡಿಲವಾದದ್ದನ್ನು ಸಂಕೋಚವಿಲ್ಲದೆ ಹೇಳೋಣ. ಹದಿಹರೆಯದವರನ್ನೂ ಕೂರಿಸಿಕೊಳ್ಳೋಣ. “ಬೋರ್ ಆಯ್ತು” ಎಂದರೆ ಗದರಿಸದೆ, ಯಾವ ದೃಶ್ಯದಿಂದ ಬೋರ್ ಆಯಿತು ಎಂದು ಕೇಳೋಣ.