ಫಾರ್ಮ್ಯಾಟ್ ಎಂಬ ಅವಸರದ ಮದ್ದು

ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂಬ ಸಾಲು ಮಾತ್ರ. ವಿಂಡೋಸೂ ಇಲ್ಲ, ಉಬುಂಟುವೂ ಇಲ್ಲ. ಗೊರವನಹಳ್ಳಿಯಂಥ ಊರಿನ ವಿದ್ಯಾರ್ಥಿ ಆಗ ಅದನ್ನು ಹೊತ್ತು ಕೊರಟಗೆರೆಗೋ ತುಮಕೂರಿಗೋ ಹೋಗಬೇಕು. ರಿಪೇರಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ: ‘ಓಎಸ್ ಹೋಗಿದೆ, ಫಾರ್ಮ್ಯಾಟ್ ಮಾಡ್ಬೇಕು.’ ಈ ರೂಢಿ ತಪ್ಪು, ನಷ್ಟದ್ದೂ ಹೌದು.

ಆ ಸಾಲಿನ ಅರ್ಥ ಇಷ್ಟೇ: ಓಎಸ್ ಎಬ್ಬಿಸುವ ಗ್ರಬ್ ಎಂಬ ಬೂಟ್ ಲೋಡರಿನ ಮೊದಲ ತುಣುಕು ಓಡಿದೆ, ಉಳಿದ ಫೈಲುಗಳು ಅದಕ್ಕೆ ಸಿಕ್ಕಿಲ್ಲ. ವಿಂಡೋಸಿನೊಳಗಿಂದ ಲಿನಕ್ಸ್ ಪಾರ್ಟಿಷನ್ ಅಳಿಸಿದರೆ ಹೀಗಾಗುತ್ತದೆ. ಪ್ರಾಜೆಕ್ಟ್ ವರದಿ, ಮನೆಯವರ ಫೋಟೊ ಎಲ್ಲವೂ ವಿಂಡೋಸ್ ಭಾಗದಲ್ಲಿ ಹಾಗೇ ಇರುತ್ತವೆ. ಹಳೆಯ ಬಯೋಸ್ ಯಂತ್ರಗಳಲ್ಲಿ ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಬೂಟ್ ಕೋಡಿಗೆ 446 ಬೈಟ್ ಮಾತ್ರ ಜಾಗ. ಆಮೇಲೆ ಹಾಕಿದ ವಿಂಡೋಸ್ ಅಲ್ಲಿದ್ದ ಗ್ರಬ್ಬನ್ನು ಅಳಿಸಿ ತನ್ನದನ್ನು ಬರೆಯುತ್ತಿತ್ತು. ಯುಇಎಫ್‌ಐ ಯಂತ್ರಗಳಲ್ಲಿ ಎರಡಕ್ಕೂ ಬೇರೆ ಬೇರೆ ಫೋಲ್ಡರ್ ಇದೆ. ಎಷ್ಟೋ ಸಲ ಸೆಟಪ್‌ಗೆ ಹೋಗಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಮೊದಲ ಸ್ಥಾನಕ್ಕೆ ತಂದರೆ ಕೆಲಸ ಮುಗಿಯಿತು. ಇಷ್ಟಕ್ಕೆ ಇಡೀ ಡಿಸ್ಕ್ ಒರೆಸುವುದನ್ನು ರಿಪೇರಿ ಎನ್ನಲಾಗದು.

ತಪ್ಪೆಲ್ಲ ಅಂಗಡಿಯವರದೇ ಅಲ್ಲ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ದೋಷವಿದ್ದ ಹಳೆಯ ಬೂಟ್ ಲೋಡರುಗಳನ್ನು ತಡೆಯಲು ಹೊರಟಿತು. ಎರಡು ಓಎಸ್ ಇರುವ ಯಂತ್ರಗಳಿಗೆ ಇದು ತಾಗುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತ್ತು; ಆದರೂ ಅನೇಕರ ಲಿನಕ್ಸ್ ಏಳಲಿಲ್ಲ. ಗ್ರಬ್ ಕಡೆಯೂ ದೂರು ಇದೆ: 2.06ರಿಂದ ಬೇರೆ ಓಎಸ್‌ಗಳನ್ನು ಹುಡುಕುವ ಸೌಲಭ್ಯವನ್ನೇ ಆಫ್ ಮಾಡಿ ಕೊಡುತ್ತಾರೆ. ಭದ್ರತೆಗಾಗಿ ಹಾಗೆ ಮಾಡಿದರು, ಸರಿ. ಆದರೆ ಮೆನುವಿನಿಂದ ವಿಂಡೋಸ್ ಕಾಣೆಯಾದಾಗ ಹೊಸಬರಿಗೆ ಕಾರಣ ಹೊಳೆಯುವುದು ಹೇಗೆ?

ಇಂಥ ತೊಂದರೆ ಸರಿಪಡಿಸುವ ‘ಬೂಟ್-ರಿಪೇರ್’ ಉಪಕರಣವನ್ನು ನಾನು ಮೆಚ್ಚುತ್ತೇನೆ, ಒಂದು ಷರತ್ತಿನೊಂದಿಗೆ. ಅದರ ‘ಶಿಫಾರಸು ಮಾಡಿದ ರಿಪೇರಿ’ ಗುಂಡಿ ಏನೇನು ಬದಲಿಸುತ್ತದೆಂಬುದು ಒತ್ತುವವನಿಗೆ ಕಾಣುವುದಿಲ್ಲ. ಅದೇ ಉಪಕರಣ ಡಿಸ್ಕಿನ ಸ್ಥಿತಿಯ ವರದಿಯನ್ನೂ ಕೊಡುತ್ತದೆ. ಮೊದಲು ಅದನ್ನು ಓದಬೇಕು.

ಆದ್ದರಿಂದ ಅಂಗಡಿಗೆ ಹೋದಾಗ ಕೇಳಿ: ‘ಮೊದಲು ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ನನ್ನ ಫೈಲುಗಳನ್ನು ಕಾಪಿ ಮಾಡಿಕೊಡಿ. ಆಮೇಲೆ ಮಿಕ್ಕಿದ್ದು.’ ಬಿಟ್‌ಲಾಕರ್ ಹಾಕಿದ ಡಿಸ್ಕ್ ಆದರೆ ಕೀ ಇಲ್ಲದೆ ಅದೂ ಆಗದು, ಸೆಕ್ಯೂರ್ ಬೂಟ್ ಆಫ್ ಮಾಡಿದರೆ ವಿಂಡೋಸ್ ಕೂಡ ಆ ಕೀಯನ್ನೇ ಕೇಳಬಹುದು. ಆ 48 ಅಂಕಿಯ ರಿಕವರಿ ಕೀಯನ್ನು ಯಂತ್ರ ಚೆನ್ನಾಗಿರುವಾಗಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.